ಒಂದು ಮೊಳ ನೀರಿನ ಲೆಕ್ಕ: ವ್ಯಾಂಕೂವರ್ ಮಗ್ಗುಲಿನ ಬರ್ನ್ಸ್ ಬಾಗ್

ಹಲಗೆ ಹಾಸಿದ ಕಾಲುದಾರಿಯ ಪಕ್ಕದಲ್ಲೊಂದು ಟ್ರ್ಯಾಕ್ಟರ್ ಹೂತುಹೋಗಿದೆ. ಕಣ್ಣಿಗೆ ಬೀಳುವುದು ತುಕ್ಕು ಹಿಡಿದ ಮೇಲ್ಭಾಗ ಅಷ್ಟೆ. ಮಿಕ್ಕಿದ್ದನ್ನು ನೆಲ ನುಂಗಿಕೊಂಡಿದೆ. ಕೆಲಸಕ್ಕೆಂದು ಬಂದ ಯಂತ್ರ ಸಿಕ್ಕಿಬಿತ್ತು, ಮೇಲೆತ್ತಲು ಆಗಲಿಲ್ಲ, ಅಲ್ಲೇ ಬಿಟ್ಟುಹೋದರು. ಈ ಜಾಗದ ಬಗ್ಗೆ ಬರೆಯಹೊರಟವರಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗಲಿಕ್ಕಿಲ್ಲ. ನೋಡಲು ನೆಲ, ಕಾಲಿಟ್ಟರೆ ನೀರು.

ಜಾಗದ ಹೆಸರು ಬರ್ನ್ಸ್ ಬಾಗ್. ಲಾಲ್‌ಬಾಗಿನ ಬಾಗ್ ಅಲ್ಲ ಇದು. ಇಂಗ್ಲಿಷಿನಲ್ಲಿ ಒಂದು ಬಗೆಯ ಜವುಗಿಗೆ ಇರುವ ಹೆಸರು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ, ವ್ಯಾಂಕೂವರ್ ಮಹಾನಗರದ ದಕ್ಷಿಣಕ್ಕೆ, ಡೆಲ್ಟಾ ಎಂಬ ಊರಿನ ನಟ್ಟನಡುವೆ ಇದೆ. ಒಂದು ಕಡೆ ಫ್ರೇಸರ್ ನದಿಯ ದಕ್ಷಿಣದ ಕವಲು, ಇನ್ನೊಂದು ಕಡೆ ಬೌಂಡರಿ ಬೇ ಕೊಲ್ಲಿ. ಈಗ ಉಳಿದಿರುವುದು ಸುಮಾರು 3,000 ಹೆಕ್ಟೇರು. ಹೋಲಿಕೆಗೆ ಬೇಕೆಂದರೆ ಮೂವತ್ತು ಲಾಲ್‌ಬಾಗ್ ಹಿಡಿಸುವಷ್ಟು. ಮೊದಲು 4,800 ಹೆಕ್ಟೇರಿನಷ್ಟಿತ್ತು. ಇಷ್ಟು ಕಳೆದುಕೊಂಡ ಮೇಲೂ ಉತ್ತರ ಅಮೆರಿಕದ ಪಶ್ಚಿಮ ತೀರದಲ್ಲಿ ಈ ಬಗೆಯ ಜವುಗುಗಳಲ್ಲಿ ಇದೇ ದೊಡ್ಡದು. ಸುತ್ತ ಹೆದ್ದಾರಿ, ಗೋದಾಮು, ಕ್ರ್ಯಾನ್‌ಬೆರಿ ಹೊಲ, ಮನೆಗಳ ಸಾಲು, ಇಡೀ ವ್ಯಾಂಕೂವರಿನ ಕಸದ ಗುಡ್ಡ.

ಕಾಲು ಹೂಳುವ ಒದ್ದೆ ನೆಲವನ್ನೆಲ್ಲ ನಾವು ಜವುಗು, ಜೌಗು ಎಂದುಬಿಡುತ್ತೇವೆ. ಸಿದ್ದಾಪುರದ ಕಡೆ ರಾಮಪತ್ರೆ ಮರಗಳು ಮಂಡಿ ಮಡಚಿದಂತೆ ಬೇರು ಎತ್ತಿಕೊಂಡು ನಿಂತಿರುವ ಜಾಗಕ್ಕೆ ಜಡ್ಡಿ ಅನ್ನುತ್ತಾರೆ. ಅದೂ ಜವುಗೇ. ಆದರೆ ಜಡ್ಡಿಗೆ ನೀರು ಬರುವುದು ಗುಡ್ಡದ ಒರತೆಯಿಂದ, ತೊರೆಯಿಂದ. ನೀರಿನ ಜೊತೆ ಮಣ್ಣಿನ ಸಾರವೂ ಬರುತ್ತದೆ. ಬರ್ನ್ಸ್ ಬಾಗಿಗೆ ಹೊಳೆಯಿಲ್ಲ, ತೊರೆಯಿಲ್ಲ, ಒರತೆಯೂ ಇಲ್ಲ. ಆಕಾಶದಿಂದ ಬಿದ್ದದ್ದೇ ಅದರ ಆಹಾರ. ಮುಂದಿನದೆಲ್ಲ ಅರ್ಥವಾಗಬೇಕಾದರೆ ಈ ಒಂದು ವ್ಯತ್ಯಾಸ ನೆನಪಿರಬೇಕು.

ಸುತ್ತಲ ನೆಲಕ್ಕಿಂತ ಎತ್ತರದ ನೀರು

ಕೆರೆ ಎಂದರೆ ತಗ್ಗು. ಸುತ್ತಲಿನ ನೀರು ಇಳಿದು ಬಂದು ಅಲ್ಲಿ ನಿಲ್ಲುತ್ತದೆ. ಈ ಜವುಗು ಅದಕ್ಕೆ ತಲೆಕೆಳಗು: ನಡು ಎತ್ತರ, ಅಂಚು ತಗ್ಗು. ತಟ್ಟೆಯಲ್ಲಿ ಕವುಚಿಟ್ಟ ದೋಸೆಕಾವಲಿಯ ಹಾಗೆ ಬಹಳ ಸಣ್ಣ ಉಬ್ಬು, ಕೆಲವೇ ಮೀಟರಿನಷ್ಟು. ಬರಿಗಣ್ಣಿಗೆ ಅದು ಬಟ್ಟಬಯಲೇ. ಆ ಉಬ್ಬಿನ ಒಳಗೆ ನೀರೂ ಉಬ್ಬಿಕೊಂಡೇ ನಿಂತಿದೆ. ಹಿಡಿದು ನಿಲ್ಲಿಸಿರುವುದು ಸ್ಫ್ಯಾಗ್ನಮ್ ಎಂಬ ಪಾಚಿ, ಮತ್ತು ಅದರ ಸತ್ತ ಪೂರ್ವಿಕರು ಕೂಡಿ ಆದ ಪೀಟ್.

ಸ್ಫ್ಯಾಗ್ನಮ್ಮಿನ ಒಂದು ಹಿಡಿ ಕಿತ್ತು ಹಿಂಡಿದರೆ ಪಾತ್ರೆ ಒರೆಸಿದ ಬಟ್ಟೆ ಹಿಂಡಿದಂತೆ ನೀರು ಸುರಿಯುತ್ತದೆ. ಒಣತೂಕದ ಇಪ್ಪತ್ತು ಪಟ್ಟಿನವರೆಗೂ ನೀರು ಹಿಡಿಯಬಲ್ಲದು. ಬೇರಿಲ್ಲ. ಎಲೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಎರಡು ಬಗೆಯ ಕೋಶಗಳು: ಹಸಿರಾದ, ಬದುಕಿರುವ, ಕಿರಿದಾದ ಕೋಶಗಳ ಬಲೆ; ಆ ಬಲೆಯ ಕಣ್ಣುಗಳಲ್ಲಿ ಸತ್ತು ಟೊಳ್ಳಾದ ದೊಡ್ಡ ಕೋಶಗಳು. ಟೊಳ್ಳು ಕೋಶದ ಗೋಡೆಗೆ ತೂತುಗಳಿವೆ, ನೀರು ತುಂಬುವುದು ಅದರೊಳಗೆ. ಗಿಡ ತನ್ನ ಮೈಯ ಹೆಚ್ಚಿನ ಪಾಲನ್ನು ಸಾಯಿಸಿಕೊಂಡು ಕೊಡ ಮಾಡಿಕೊಂಡಿದೆ. ಮಳೆನೀರಿನಲ್ಲಿರುವ ಅಷ್ಟಿಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಹೀರಿಕೊಂಡು ಬದಲಿಗೆ ಹುಳಿ ಬಿಡುತ್ತದೆ. ನೀರಿನ ಪಿ.ಎಚ್. 4ರ ಆಸುಪಾಸಿಗೆ ಇಳಿಯುತ್ತದೆ, ಹೆಚ್ಚುಕಡಿಮೆ ಟೊಮೇಟೊ ರಸದ ಹುಳಿ. ಹುಳಿ, ಚಳಿ, ಆಮ್ಲಜನಕವಿಲ್ಲದ ನಿಂತ ನೀರು: ಕೊಳೆಸುವ ಸೂಕ್ಷ್ಮಜೀವಿಗಳಿಗೆ ಇಲ್ಲಿ ಕೈಕಟ್ಟಿದಂತಾಗುತ್ತದೆ. ಸತ್ತ ಪಾಚಿ ಅರೆಬರೆ ಕೊಳೆತು ಹಾಗೇ ಉಳಿಯುತ್ತದೆ, ಅದರ ಮೇಲೆ ಹೊಸದು ಬೆಳೆಯುತ್ತದೆ. ವರ್ಷಕ್ಕೆ ಒಂದು ಮಿಲಿಮೀಟರಿನ ಆಸುಪಾಸು. ಉಪ್ಪಿನಕಾಯಿ ಹಾಕಿಟ್ಟ ಹಾಗೆ ಎನ್ನಬಹುದು, ಸಾವಿರಾರು ವರ್ಷದ ಜಾಡಿ.

ಜಾಡಿಯನ್ನು ಪದರ ಪದರವಾಗಿ ತೆಗೆದು ಓದಿದವರು ಸಸ್ಯವಿಜ್ಞಾನಿ ರಿಚರ್ಡ್ ಹೆಬ್ಡಾ. 1977ರ ಅವರ ಪಿಎಚ್.ಡಿ. ಪ್ರಬಂಧ ಇದೇ ಜವುಗಿನ ಪರಾಗಕಣಗಳ ಮೇಲೆ. ತಳದಲ್ಲಿ ನದಿ ಹೊತ್ತು ತಂದ ಮೆಕ್ಕಲು, ಅದರ ಮೇಲೆ ಜೊಂಡು, ಹುಲ್ಲು ಬೆಳೆದ ಪದರ, ಆಮೇಲೆ ಪೊದೆ, ಎಲ್ಲದರ ಮೇಲೆ ಸ್ಫ್ಯಾಗ್ನಮ್. ಸುಮಾರು 5,000 ವರ್ಷದ ಹಿಂದೆ ಸಮುದ್ರದಿಂದ ಮೇಲೆದ್ದ ನದೀಮುಖದ ನೆಲ, ಪಾಚಿಜವುಗಾಗಿ ಮೂರು ಸಾವಿರ ವರ್ಷದ ಆಸುಪಾಸು. ನೀಲಗಿರಿಯ ಎತ್ತರದ ಕಣಿವೆಗಳಲ್ಲೂ ಪೀಟ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಅದನ್ನು ಓದಿಯೇ 1993ರಲ್ಲಿ ದಕ್ಷಿಣ ಭಾರತದ ಇಪ್ಪತ್ತು ಸಾವಿರ ವರ್ಷದ ಹವಾಮಾನದ ಕಥೆ ಬಿಡಿಸಿದ್ದು. ಪೀಟ್ ಎಲ್ಲಿದ್ದರೂ ಕಡತವೇ.

ಇಂಥ ಬಡ, ಹುಳಿ ನೆಲದಲ್ಲಿ ಬದುಕಲು ಉಪಾಯ ಬೇಕು. ಡ್ರಾಸೆರಾ ಕೀಟ ಹಿಡಿದು ಸಾರಜನಕ ಹೊಂದಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ನಮ್ಮ ಘಟ್ಟದ ಬಂಡೆಹಾಸುಗಳ ಮೇಲೆ ಅಂಟು ಹನಿ ಹೊತ್ತು ಕೆಂಪಗೆ ಮಿನುಗುವ ಗಿಡದ ದಾಯಾದಿ ಅದು. ಲ್ಯಾಬ್ರಡಾರ್ ಟೀ ಎಂಬ ಪೊದೆಯ ಎಲೆಯ ಅಡಿಗೆ ಕಂದು ತುಪ್ಪಳ. ತೀರದ ಪೈನ್ ಮರ ಇಲ್ಲಿ ಎಷ್ಟೋ ವರ್ಷ ಕಳೆದರೂ ಆಳೆತ್ತರ ದಾಟದೆ, ತಿರುಚಿಕೊಂಡು, ಕುಂಡದ ಬೊನ್ಸಾಯ್‌ನಂತೆ ನಿಂತಿರುತ್ತದೆ. ಪೈನ್ ಕುಳ್ಳಗಿದ್ದರೆ ಜವುಗು ಆರೋಗ್ಯವಾಗಿದೆ ಎಂದರ್ಥ, ನೀಳವಾಗಿ ಬೆಳೆಯತೊಡಗಿದರೆ ಕಾಯಿಲೆ. ಸ್ಯಾಂಡ್‌ಹಿಲ್ ಕ್ರೇನ್ ಎಂಬ ಬೂದು ಕ್ರೌಂಚಗಳು ಇಲ್ಲಿ ತಂಗುತ್ತವೆ, ಮರಿ ಮಾಡುತ್ತವೆ. ನೀರಂಚಿನ ಒಂದು ಮೂಗಿಲಿ ಇದೆ. ಪ್ರಾಂತ್ಯದಿಂದಲೇ ಅಳಿಯಿತು ಎಂದುಕೊಂಡಿದ್ದ ಕೆಂಬೆನ್ನಿನ ವೋಲ್ ಇಲಿಯ ಒಂದು ಉಪಜಾತಿ 1999ರಲ್ಲಿ ಇಲ್ಲೇ ಸಿಕ್ಕಿತು.

ತೋಡಿದ್ದು, ತುಂಬಿದ್ದು

ಕೋಸ್ಟ್ ಸೇಲಿಷ್ ಮೂಲನಿವಾಸಿಗಳಿಗೆ ಇದು ಹಣ್ಣು ಆಯುವ ಜಾಗ, ಸೊಪ್ಪು-ಔಷಧಿಯ ಜಾಗ. ಒಣಗಿದ ಸ್ಫ್ಯಾಗ್ನಮ್ ಅವರ ಕೂಸುಗಳಿಗೆ ಲಂಗೋಟಿ, ಹಾಸಿಗೆ. ‘ಬರ್ನ್ಸ್’ ಎಂಬ ಹೆಸರು ಬಂದದ್ದು ಇಪ್ಪತ್ತನೇ ಶತಮಾನದ ಮೊದಲಲ್ಲಿ ಇಲ್ಲಿ ಜಮೀನು ಕೊಂಡ ಡೊಮಿನಿಕ್ ಬರ್ನ್ಸ್‌ನಿಂದ, ಮಾಂಸದ ವ್ಯಾಪಾರದ ದೊಡ್ಡ ಮನೆತನದವನು. ಇಂಗ್ಲಿಷಿನಲ್ಲಿ ಆ ಪದಕ್ಕೆ ‘ಉರಿಯುತ್ತದೆ’ ಎಂಬ ಅರ್ಥವೂ ಇರುವುದು ಕಾಕತಾಳೀಯ. ಜವುಗು ಅದನ್ನೂ ನಿಜ ಮಾಡಿ ತೋರಿಸಿದೆ, ಮುಂದೆ ಬರುತ್ತದೆ.

1930ರ ದಶಕದಿಂದ ಪೀಟ್ ತೆಗೆಯುವ ಕೆಲಸ ಶುರುವಾಯಿತು. ಮೊದಲು ಗುದ್ದಲಿಯಲ್ಲಿ ಇಟ್ಟಿಗೆಯಂತೆ ಕೊಯ್ದು ಒಣಗಿಸಿ, ಆಮೇಲೆ ನೀರಿನ ಪಿಚಕಾರಿಯಿಂದ ಕರಗಿಸಿ ಎತ್ತಿ, ಕೊನೆಗೆ ಮೇಲ್ಪದರ ಕೆರೆದು ಯಂತ್ರದಿಂದ ಹೀರಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಈ ಭಾಗದ ಪೀಟ್ ಗಡಿ ದಾಟಿ ಅಮೆರಿಕಕ್ಕೆ ಹೋಗುತ್ತಿತ್ತು, ಮೆಗ್ನೀಸಿಯಂ ಲೋಹ ತಯಾರಿಕೆಗೆ. ಹಗುರ ವಿಮಾನಕ್ಕೂ ಬೆಂಕಿಬಾಂಬಿಗೂ ಬೇಕಾದ ಲೋಹ ಅದು. ಯುದ್ಧ ಮುಗಿದ ಮೇಲೂ ತೋಟಗಾರಿಕೆಯ ಚೀಲಗಳಿಗಾಗಿ ಕೊಯ್ಲು ನಡೆದೇ ಇತ್ತು. ನಿಂತದ್ದು 1984ರಲ್ಲಿ.

ಕೊಯ್ಲಿಗಿಂತ ಹೆಚ್ಚು ಹಾನಿ ಮಾಡಿದ್ದು ಕೊಯ್ಲಿಗೆ ಮುಂಚಿನ ಕೆಲಸ. ಒದ್ದೆ ಪೀಟಿನ ಮೇಲೆ ಮನುಷ್ಯ ನಿಲ್ಲಲಾರ, ಯಂತ್ರ ಓಡಲಾರದು. ಹಾಗಾಗಿ ಮೊದಲು ಬಸಿಗಾಲುವೆ ತೋಡಬೇಕು. ಅಡಕೆ ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಬಸಿಗಾಲುವೆ ಸರಿಯಾಗಿದ್ದರೆ ತೋಟ ಉಳಿಯುತ್ತದೆ, ಇಲ್ಲದಿದ್ದರೆ ಬೇರು ಕೊಳೆಯುತ್ತದೆ. ಅದೇ ಕಾಲುವೆ ಜವುಗಿನ ಪಾಲಿಗೆ ರಕ್ತನಾಳ ಕೊಯ್ದಂತೆ. ಜವುಗಿನ ಉದ್ದಗಲಕ್ಕೆ ಬಲೆ ನೇಯ್ದಂತೆ ಕಾಲುವೆ ಬಿತ್ತು. ಪೀಟ್ ಕಂಪನಿಗಳು ಹೋದರೂ ಕಾಲುವೆಗಳು ರಜೆ ಹಾಕಲಿಲ್ಲ. ಹಗಲು ರಾತ್ರಿ ನೀರು ಇಳಿಸುತ್ತಲೇ ಇದ್ದವು.

ಇಲ್ಲೊಂದು ಅಡ್ಡಮಾತು. ನರ್ಸರಿಯವರು ಈಗ ಪೀಟಿನ ಬದಲು ಬಳಸುವ ಕೊಕೊಪೀಟ್ ತಿಪಟೂರು, ಅರಸೀಕೆರೆ ಕಡೆಯ ನಾರಿನ ಕಾರ್ಖಾನೆಗಳ ಹಿಂದೆ ಗುಡ್ಡೆ ಬೀಳುವ ಪುಡಿಯೇ. ಒಂದು ಕಾಲಕ್ಕೆ ಎಲ್ಲಿ ಸುರಿಯುವುದೆಂದು ತಿಳಿಯದೆ ಸುಡುತ್ತಿದ್ದದ್ದು, ಈಗ ಇಟ್ಟಿಗೆಯಾಗಿ ಒತ್ತಿ ಹಡಗು ಹತ್ತುತ್ತದೆ. ಉಪ್ಪು ತೊಳೆಯಲು ಅದಕ್ಕೂ ಸಾಕಷ್ಟು ನೀರು ಬೇಕು, ಆ ಮಾತು ಬೇರೆ. ಆದರೂ ಪ್ರತಿ ವರ್ಷ ಬೀಳುವ ತೆಂಗಿನ ಸಿಪ್ಪೆಯನ್ನೂ ಮೂರು ಸಾವಿರ ವರ್ಷ ಕೂಡಿದ ಪಾಚಿಯನ್ನೂ ಒಂದೇ ಕುಂಡದ ಮಣ್ಣೆಂದು ಮಾರಿದ್ದು ವಿಚಿತ್ರವೇ.

1966ರಲ್ಲಿ ಜವುಗಿನ ನೈರುತ್ಯ ಮೂಲೆಯಲ್ಲಿ ವ್ಯಾಂಕೂವರ್ ನಗರದ ಕಸ ಸುರಿಯುವ ಜಾಗ ಶುರುವಾಯಿತು. ಆಗ ಜವುಗು ಎಂದರೆ ಯಾರಿಗೂ ಬೇಡದ ಪಾಳು ಎಂದೇ ಎಣಿಕೆ. ಊರಾಚೆ ಹಳ್ಳ ಕಂಡರೆ ಕಸದ ಲಾರಿ ತಿರುಗಿಸುವ ಬುದ್ಧಿ ಯಾವ ದೇಶಕ್ಕೂ ಹೊಸದಲ್ಲ. ಈಗ ಅದು ದೊಡ್ಡ ಗುಡ್ಡ. ಅಲ್ಲಿನ ಏರ್ಪಾಡಿನಲ್ಲಿ ನೋಡಬೇಕಾದ ಒಂದು ಸೂಕ್ಷ್ಮವಿದೆ. ಗುಡ್ಡದ ಸುತ್ತ ಎರಡು ಕಾಲುವೆ: ಒಳಗಿನದು ಕಸದಿಂದ ಒಸರುವ ರಸಕ್ಕೆ, ಹೊರಗಿನದು ಸ್ವಚ್ಛ ನೀರಿಗೆ. ಕಸದ ರಸ ಹೊರಗೆ ಜಾರಬಾರದೆಂದರೆ ಒಳಗಿನ ಕಾಲುವೆಯ ನೀರು ಯಾವತ್ತೂ ಹೊರಗಿನದಕ್ಕಿಂತ ತಗ್ಗಿನಲ್ಲಿರಬೇಕು. ಆಗ ನೀರು ಹರಿದರೆ ಕಸದ ಕಡೆಗೇ ಹರಿಯುತ್ತದೆ. ಜಾಣತನದ ಉಪಾಯ. ಆದರೆ ಜವುಗಿನ ಮಗ್ಗುಲಲ್ಲಿ ಸದಾಕಾಲ ತಗ್ಗಾಗಿ ಇಟ್ಟ ನೀರು ಎಂದರೆ ಜವುಗಿಗೆ ಅದೊಂದು ಇಳಿಜಾರು, ಅದರ ನೀರೂ ಅತ್ತಲೇ ಜಾರುತ್ತದೆ. ಕೆಡುಕು ತಡೆಯಲು ಹಾಕಿದ ಉಪಾಯದ್ದೂ ಒಂದು ಬೆಲೆ ಇರುತ್ತದೆ. ಗುಡ್ಡದಿಂದ ಏಳುವ ಮೀಥೇನನ್ನು ಹಿಡಿದು ಹತ್ತಿರದ ಟೊಮೇಟೊ ಹಸಿರುಮನೆಗಳನ್ನು ಕಾಯಿಸಿದ್ದೂ ಉಂಟು, ಅದನ್ನೂ ಹೇಳಬೇಕು.

ಮಿಕ್ಕ ಅಂಚನ್ನು ಹೊಲ, ರಸ್ತೆ ಹಂಚಿಕೊಂಡವು. ಕ್ರ್ಯಾನ್‌ಬೆರಿ ಸ್ವಭಾವದಲ್ಲಿ ಜವುಗಿನದೇ ಬಳ್ಳಿ, ಕವಳಿಕಾಯಿಯಂತೆ ಹುಳಿ ಹಣ್ಣು. ಆದರೆ ಹೊಲದ ಕ್ರ್ಯಾನ್‌ಬೆರಿಗೆ ಏರಿ, ತೂಬು, ಗೊಬ್ಬರ ಎಲ್ಲ ಬೇಕು. 1986ರಲ್ಲಿ ಅಲೆಕ್ಸ್ ಫ್ರೇಸರ್ ಸೇತುವೆಯ ಜೊತೆ ಹೆದ್ದಾರಿ 91 ಪೂರ್ವದ ಅಂಚನ್ನು ಕತ್ತರಿಸಿತು. ಇತ್ತೀಚಿನದು ನದಿಯ ಬದಿಯ ಹೆದ್ದಾರಿ 17, 2013ರ ಕೊನೆಗೆ ಪೂರ್ತಿಯಾಯಿತು. ಜವುಗನ್ನು ಕೊಂಡು ಕಾಯುತ್ತೇವೆಂದು ಸಹಿ ಹಾಕಿದ ಪ್ರಾಂತ್ಯ ಸರ್ಕಾರವೇ ಇದನ್ನು ಕಟ್ಟಿಸಿದ್ದು.

ಕ್ರಯಪತ್ರ

ಕೊಂಡ ಕಥೆ ಹೀಗೆ. 1988ರಲ್ಲಿ ಬಂದರು, ಕೈಗಾರಿಕೆ, ಮನೆಗಳೆಲ್ಲ ಇರುವ ಹೊಸ ಪಟ್ಟಣವನ್ನು ಜವುಗಿನ ಮೇಲೆ ಕಟ್ಟುವ ಪ್ರಸ್ತಾವ ಬಂತು. ಅದೇ ವರ್ಷ ಬರ್ನ್ಸ್ ಬಾಗ್ ಕನ್ಸರ್ವೇಶನ್ ಸೊಸೈಟಿ ಹುಟ್ಟಿತು. ಪಟ್ಟಣ ಬರಲಿಲ್ಲ. 1999ರಲ್ಲಿ ಪ್ರಾಂತ್ಯ ಸರ್ಕಾರವೇ ವ್ಯಾಂಕೂವರಿನ ಹಳೆಯ ವಾರ್ಷಿಕ ಪ್ರದರ್ಶನವಾದ ಪೆಸಿಫಿಕ್ ನ್ಯಾಷನಲ್ ಎಕ್ಸಿಬಿಶನ್ನನ್ನು ಜವುಗಿಗೆ ಸಾಗಿಸುವ ಯೋಚನೆ ಮುಂದಿಟ್ಟಿತು. ಮೈಸೂರಿನ ದಸರಾ ವಸ್ತುಪ್ರದರ್ಶನವನ್ನು ಎತ್ತಿ ಕೆರೆ ಅಂಗಳದಲ್ಲಿ ಇಡುತ್ತೇವೆ ಎಂದ ಹಾಗೆ. ಜನ ರೊಚ್ಚಿಗೆದ್ದರು. ಆಗ ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿತು: ಜಗಳ ಆಮೇಲೆ, ಮೊದಲು ಜವುಗು ಬದುಕಲು ಏನು ಬೇಕೆಂದು ತಿಳಿಯೋಣ ಎಂದು ಪರಿಸರ ವ್ಯವಸ್ಥೆಯ ಸಮಗ್ರ ಪರಿಶೀಲನೆಗೆ ಹಚ್ಚಿತು. ಹೆಬ್ಡಾ ಮತ್ತು ಇತರರು 2000ದಲ್ಲಿ ಕೊಟ್ಟ ವರದಿಯ ತಿರುಳು: ಇನ್ನೂ ಕಟ್ಟಡ ಬೀಳದ ನೆಲದಲ್ಲಿ ಬಹುಪಾಲು ಒಟ್ಟಾಗಿ ಉಳಿಯಬೇಕು, ಉಳಿದರಷ್ಟೇ ಸಾಲದು, ನೀರಿನ ಉಬ್ಬು ಉಳಿಯಬೇಕು. ಅರ್ಧ ಜವುಗು ಉಳಿಸುತ್ತೇವೆಂದರೆ ಅರ್ಧ ಬಲೂನು ಉಳಿಸಿದ ಹಾಗೆ.

2004ರಲ್ಲಿ ಕೆನಡಾ ಸರ್ಕಾರ, ಪ್ರಾಂತ್ಯ, ವ್ಯಾಂಕೂವರ್ ಮಹಾನಗರ ಆಡಳಿತ, ಡೆಲ್ಟಾ ಪುರಸಭೆ ನಾಲ್ವರೂ ಸೇರಿ 2,000 ಹೆಕ್ಟೇರಿಗೂ ಹೆಚ್ಚು ಜವುಗನ್ನು 7 ಕೋಟಿ 30 ಲಕ್ಷ ಡಾಲರಿಗೆ ಕೊಂಡರು. ಸಂರಕ್ಷಿತ ಪ್ರದೇಶವೆಂದು ಘೋಷಣೆ, 2007ರಲ್ಲಿ ನಿರ್ವಹಣಾ ಯೋಜನೆ, 2012ರಲ್ಲಿ ಫ್ರೇಸರ್ ನದೀಮುಖದ ರಾಮ್ಸರ್ ತಾಣದೊಳಗೆ (ಜಗತ್ತಿನ ಮಹತ್ವದ ಜೌಗುಗಳ ಪಟ್ಟಿ ಅದು) ಸೇರ್ಪಡೆ. ಸಾರ್ವಜನಿಕರಿಗೆ ಒಳಗೆ ಪ್ರವೇಶವಿಲ್ಲ. ಜನ ನಡೆದಾಡುವ, ಟ್ರ್ಯಾಕ್ಟರ್ ಹೂತಿರುವ ಡೆಲ್ಟಾ ನೇಚರ್ ರಿಸರ್ವ್ ಈಶಾನ್ಯ ಅಂಚಿನ 60 ಹೆಕ್ಟೇರಿನ ಬೇರೆಯೇ ತುಂಡು.

ನನ್ನ ಮಟ್ಟಿಗೆ ಈ ಪ್ರಕರಣದ ತಿರುವು ಇಲ್ಲಿದೆ. ಹೆಚ್ಚಿನ ಸಂರಕ್ಷಣೆಯ ಕಥೆಗಳು ಕ್ರಯಪತ್ರಕ್ಕೆ ಮುಗಿದು ಫೋಟೊ ತೆಗೆಸಿಕೊಳ್ಳುತ್ತವೆ. ಕ್ರಯಪತ್ರದಲ್ಲಿ ಚೆಕ್ಕುಬಂದಿ ಇರುತ್ತದೆ: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ರಸ್ತೆ. ಜವುಗಿನ ಚೆಕ್ಕುಬಂದಿ ನೀರಿನದು, ಅದು ಬೇರೆ ಕಡೆ ಇತ್ತು. ನಾಲ್ಕು ಸರ್ಕಾರಗಳು ಕೊಂಡದ್ದು ನಡುವಿನ ಉಬ್ಬನ್ನು. ಆ ಉಬ್ಬಿನ ನೀರು ಯಾವ ಅಂಚಿನಿಂದ ಜಾರಿಹೋಗುತ್ತಿತ್ತೋ ಆ ಅಂಚಿನ ಬಹುಪಾಲು ಬೇರೆಯವರದು. ಕೊಂಡ ದಿನವೂ ನೀರು ಸೋರುತ್ತಲೇ ಇತ್ತು.

ಕಟ್ಟ ಹಾಕುವುದು

ವ್ಯಾಂಕೂವರ್ ಸೀಮೆಯಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರ್ ಮೀರಿ ಮಳೆ. ಆದರೆ ಲೆಕ್ಕ ನಮ್ಮದಕ್ಕೆ ಉಲ್ಟಾ. ಅಕ್ಟೋಬರಿನಿಂದ ಮಾರ್ಚಿಯವರೆಗೆ ಹಿಡಿದ ಜಡಿಮಳೆ. ಮಲೆನಾಡಿನಲ್ಲಿ ಹೊಳೆ ತುಂಬಿ ಹರಿಯುವ ಜುಲೈ, ಆಗಸ್ಟಿನಲ್ಲಿ ಅಲ್ಲಿ ಬಿರುಬಿಸಿಲು. ಚಳಿಗಾಲದಲ್ಲಿ ಕೂಡಿಟ್ಟ ನೀರಿನಲ್ಲೇ ಜವುಗು ಬೇಸಿಗೆ ಕಳೆಯಬೇಕು. ಬೇಸಿಗೆಯ ಕೊನೆಗೂ ನೀರು ಮೇಲ್ಮೈಯಿಂದ ಒಂದು ಮೊಳದೊಳಗೆ ಇದ್ದರೆ ಸ್ಫ್ಯಾಗ್ನಮ್ ಹೇಗೋ ಬದುಕುತ್ತದೆ. ಅದಕ್ಕಿಂತ ಕೆಳಗಿಳಿದು ನಿಂತರೆ ಮೇಲಿನ ಪದರಕ್ಕೆ ಗಾಳಿ ನುಗ್ಗುತ್ತದೆ, ಪೀಟ್ ಕೊಳೆಯತೊಡಗುತ್ತದೆ, ಕುಗ್ಗುತ್ತದೆ. ಪೈನ್ ಮರಕ್ಕೆ ಬೇರು ಬಿಡಲು ಒಣ ಜಾಗ ಸಿಗುತ್ತದೆ. ಬೆಳೆದ ಪೈನ್ ಬಿದ್ದ ಮಳೆಯಲ್ಲಿ ಒಂದು ಪಾಲನ್ನು ಎಲೆಯ ಮೇಲೇ ತಡೆದು ಆವಿ ಮಾಡುತ್ತದೆ, ಬೇರಿನಿಂದ ಇನ್ನಷ್ಟು ಹೀರುತ್ತದೆ. ನೆಲ ಮತ್ತೂ ಒಣಗುತ್ತದೆ, ಇನ್ನಷ್ಟು ಪೈನ್ ಬರುತ್ತದೆ. ಒಮ್ಮೆ ಈ ಸುಳಿಗೆ ಬಿದ್ದರೆ ತಾನಾಗಿ ಎದ್ದು ಬರುವುದು ಕಷ್ಟ.

ಹಾಗಾಗಿ ಪುನಶ್ಚೇತನವೆಂದರೆ ಇಲ್ಲಿ ಗಿಡ ನೆಡುವುದಲ್ಲ, ಬಸಿಗಾಲುವೆಗೆ ಕಟ್ಟ ಹಾಕುವುದು. ಒಂದು ದೊಡ್ಡ ಅಣೆಕಟ್ಟು ಸಾಕಾಗುವುದಿಲ್ಲ. ಉಬ್ಬಿನ ಇಳಿಜಾರಿನಲ್ಲಿ ಅದು ತನ್ನ ಹತ್ತಿರದ ನೀರನ್ನಷ್ಟೇ ಏರಿಸುತ್ತದೆ, ಮೇಲಿನ ಕಾಲುವೆ ಒಣಗಿಯೇ ಇರುತ್ತದೆ. ಮಲೆನಾಡಿನ ಮೆಟ್ಟಿಲು ಗದ್ದೆಯಂತೆ, ಒಂದೊಂದೂ ಸ್ವಲ್ಪ ಸ್ವಲ್ಪ ನೀರೆತ್ತುವ ಸಣ್ಣ ಕಟ್ಟಗಳ ಸಾಲು ಬೇಕು. ಈ ಶತಮಾನದ ಮೊದಲ ವರ್ಷಗಳಿಂದ ಹೀಗೆ ನೂರಾರು ಕಟ್ಟಗಳು ಬಿದ್ದಿವೆ. ಪ್ಲೈವುಡ್ ಹಲಗೆ ಅಥವಾ ಒಂದಕ್ಕೊಂದು ಕೊಂಡಿ ಹಾಕುವ ಪ್ಲಾಸ್ಟಿಕ್ ತಗಡನ್ನು ಕಾಲುವೆಗೆ ಅಡ್ಡಲಾಗಿ ಪೀಟಿನಾಳಕ್ಕೆ ಇಳಿಸಿ, ಹಿಂದೆ ಮುಂದೆ ಪೀಟ್ ತುಂಬಿ ತುಳಿಯುವುದು. ಭಾರದ ಯಂತ್ರ ಒಳಗೆ ತಂದರೆ ಇನ್ನೊಂದು ಹೂತ ಟ್ರ್ಯಾಕ್ಟರ್ ಆಗುತ್ತದೆ, ಆದ್ದರಿಂದ ಎಷ್ಟೋ ಕಡೆ ಕೈಕೆಲಸವೇ ಗತಿ. ಮರ ಕಡಿದು ಕಟ್ಟೆ ಕಟ್ಟುವ ಬೀವರ್ ಪ್ರಾಣಿಗಳೂ ಸಂಬಳವಿಲ್ಲದೆ ಇದೇ ಕೆಲಸ ಮಾಡುತ್ತವೆ. ತೊಂದರೆಯೆಂದರೆ ಅವಕ್ಕೆ ಒಳಗಿನ ಕಾಲುವೆ, ಹೊರಗಿನ ರೈತನ ಕಾಲುವೆ ಎಂಬ ಭೇದವಿಲ್ಲ.

ಕೆಲಸ ಆಯಿತೋ ಇಲ್ಲವೋ ತಿಳಿಯುವ ಸಾಧನ ತೀರ ಸರಳ. ತೂತು ಕೊರೆದ ಪಿ.ವಿ.ಸಿ. ಪೈಪನ್ನು ಪೀಟಿಗೆ ನೆಟ್ಟಿರುತ್ತಾರೆ. ಮುಚ್ಚಳ ತೆಗೆದು ಅಳತೆಪಟ್ಟಿ ಇಳಿಬಿಟ್ಟು ನೀರು ಎಷ್ಟು ಕೆಳಗಿದೆ ಎಂದು ನೋಡಿ ಬರೆದುಕೊಳ್ಳುವುದು, ತಿಂಗಳು ತಿಂಗಳು, ವರ್ಷ ವರ್ಷ. ನೀರು ಏರಿದ ಕಡೆಗಳಲ್ಲಿ ಮೊದಲು ಬದಲಾಗುವುದು ಕಾಲುವೆಯೇ. ನಿಂತ ನೀರಿನ ಮೇಲೆ ತೇಲುವ ಜಾತಿಯ ಸ್ಫ್ಯಾಗ್ನಮ್ ಹಸಿ ಕೊತ್ತಂಬರಿಯ ಕಟ್ಟು ಬಿಚ್ಚಿ ಬಿಟ್ಟಂತೆ ಹರಡುತ್ತದೆ. ದಡದಿಂದ ಹತ್ತಿಹುಲ್ಲು ಒಳಗೆ ಕಾಲಿಡುತ್ತದೆ. ಅವೆರಡರ ಆಸರೆಯಲ್ಲಿ ದಿಂಬು ಕಟ್ಟುವ ಜಾತಿಗಳು ಬರಬೇಕು. ಅದು ನಿಧಾನದ ಕೆಲಸ. ನೀರು ಉಕ್ಕಿದ ಕಡೆ ನೀಳವಾಗಿ ಬೆಳೆದಿದ್ದ ಪೈನ್‌ಗಳು ನಿಂತಲ್ಲೇ ಸಾಯುತ್ತವೆ. ಹಸಿರು ಉಳಿಸುತ್ತೇವೆಂದು ಬಂದವರು ಸಾಲಾಗಿ ಸತ್ತ ಮರ ಕಂಡು ಕಂಗಾಲಾದರೆ ಅವರ ತಪ್ಪಲ್ಲ. ಬರ್ಚ್ ಮರ, ಹೊಲಗಳಿಂದ ಹಕ್ಕಿ ಹೊತ್ತು ತಂದ ಬ್ಲೂಬೆರಿ ಪೊದೆ, ಒಣ ಪೀಟಿನ ಮೇಲೆ ಕಂಬಳಿ ಹಾಸುವ ಪರದೇಶಿ ಪಾಚಿ, ಇವುಗಳ ಕಾಟ ಬೇರೆ ಇದೆ.

ನೆಲ ಉರಿಯುವುದು

ಬೆಳ್ಳಂದೂರು ಕೆರೆ ಹೊತ್ತಿಕೊಂಡದ್ದನ್ನು ಕಂಡವರಿಗೆ ನೀರಿನ ಜಾಗದಲ್ಲಿ ಬೆಂಕಿ ಹೊಸದಲ್ಲ. ಅಲ್ಲಿ ಉರಿದದ್ದು ಕೆರೆಯಂಗಳದ ಹುಲ್ಲು, ಕಸ. ಬರ್ನ್ಸ್ ಬಾಗಿನಲ್ಲಿ ಉರಿಯುವುದು ನೆಲ. ನೀರಿಳಿದು ಒಣಗಿದ ಪೀಟ್ ಬೆರಣಿಯೇ ಸರಿ. ಬೆಂಕಿ ಮೇಲೆ ಆರಿದಂತೆ ಕಂಡರೂ ಒಳಗೊಳಗೇ ಹೊಗೆಯಾಡುತ್ತ ಹರಿಯುತ್ತದೆ, ಇನ್ನೆಲ್ಲೋ ಎದ್ದು ಬರುತ್ತದೆ. 2005ರ ಸೆಪ್ಟೆಂಬರಿನಲ್ಲಿ ಸುಮಾರು 200 ಹೆಕ್ಟೇರು ಉರಿಯಿತು, ಹೊಗೆ ವ್ಯಾಂಕೂವರ್ ಸೀಮೆಯ ಮೇಲೆಲ್ಲ ಕವಿಯಿತು. ಜವುಗನ್ನು ಕೊಂಡು ಆಗಿನ್ನೂ ಒಂದೂವರೆ ವರ್ಷ. 2016ರ ಜುಲೈ 3ರಂದು ಎದ್ದ ಬೆಂಕಿ ಗಾಳಿಗೆ ಸಿಕ್ಕಿ 78 ಹೆಕ್ಟೇರು ತಿಂದಿತು, ಹೆದ್ದಾರಿ 17 ಮುಚ್ಚಬೇಕಾಯಿತು. ಹೆಲಿಕಾಪ್ಟರಿನಿಂದ ನೀರು ಸುರಿಯಬಹುದು, ಕಾಲುವೆಯಿಂದ ಪಂಪ್ ಮಾಡಬಹುದು. ಆದರೆ ಬೆಂಕಿ ಆಳಕ್ಕಿಳಿಯದಂತೆ ತಡೆಯುವುದು ಪೀಟ್ ಒಳಗಿನ ನೀರೇ. ಅಗ್ನಿಶಾಮಕದವರಿಗೂ ಸಸ್ಯವಿಜ್ಞಾನಿಗಳಿಗೂ ಬೇಕಾದದ್ದು ಒಂದೇ ಆಗಿರುವ ಅಪರೂಪದ ಸಂದರ್ಭ ಇದು, ಮತ್ತು ಕಟ್ಟಗಳಿಗೆ ಹಣ ಕೇಳುವಾಗ ಬಲವಾದ ವಾದವೂ ಹೌದು.

ಜವುಗಿನ ಅಭಿಮಾನಿಗಳು ಇದನ್ನು ‘ಸೀಮೆಯ ಶ್ವಾಸಕೋಶ’ ಎನ್ನುತ್ತಾರೆ. ಚಳವಳಿಗೆ ಘೋಷಣೆ ಬೇಕು, ಒಪ್ಪಿದೆ. ಆದರೂ ಈ ಹೋಲಿಕೆ ತಪ್ಪು ದಾರಿಗೆ ಎಳೆಯುತ್ತದೆ. ಜವುಗಿನ ಹೆಚ್ಚುಗಾರಿಕೆ ಉಸಿರಾಟದಲ್ಲಿಲ್ಲ, ಕೂಡಿಡುವುದರಲ್ಲಿದೆ. ಪ್ರಪಂಚದ ನೆಲದಲ್ಲಿ ಪೀಟ್ ಜವುಗುಗಳ ಪಾಲು ಶೇ. 3ರ ಆಸುಪಾಸು; ಮಣ್ಣಿನಲ್ಲಿರುವ ಇಂಗಾಲದಲ್ಲಿ ಮೂರರಲ್ಲೊಂದು ಭಾಗದಷ್ಟು ಅವುಗಳಲ್ಲಿದೆ. ಕೂಡಿಟ್ಟದ್ದನ್ನು ಮತ್ತೆ ನೆನೆಸಿದರೆ ಏನಾಗುತ್ತದೆ ಎಂದು ಅಳೆಯಲು ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಇಲ್ಲೊಂದು ಗೋಪುರ ನಿಲ್ಲಿಸಿದರು. ಅಳತೆಗೆ ಸುಮಾರು ಎಂಟು ವರ್ಷ ಮುಂಚೆ ನೀರು ಕಟ್ಟಿದ್ದ ತುಂಡು ಅದು. 2015ರ ಜೂನ್ ನಡುವಿನಿಂದ 2016ರ ಜೂನ್ ನಡುವಿನವರೆಗೆ, ಗಾಳಿಯ ಸುಳಿಸುಳಿಯಲ್ಲೂ ಅನಿಲ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಲೆಕ್ಕ ಹಾಕಿದರು. ಆ ವರ್ಷ ಅಲ್ಲಿ ನೀರು ಮೇಲ್ಮೈಗಿಂತ 7.7 ಸೆಂ.ಮೀ. ಮೇಲಕ್ಕೂ ಬಂದಿತ್ತು, 26.5 ಸೆಂ.ಮೀ. ಕೆಳಕ್ಕೂ ಇಳಿದಿತ್ತು, ಮೊಳದೊಳಗೇ.

ಬಂದ ಉತ್ತರ ಎರಡು ಮುಖದ್ದು. ಚದರ ಮೀಟರಿಗೆ ವರ್ಷಕ್ಕೆ 179 ಗ್ರಾಂ ಇಂಗಾಲ ಕಾರ್ಬನ್ ಡೈಆಕ್ಸೈಡ್ ರೂಪದಲ್ಲಿ ಒಳಗೆ ಹೋಯಿತು, ಸುಮಾರು 17 ಗ್ರಾಂ ಮೀಥೇನ್ ರೂಪದಲ್ಲಿ ಹೊರಬಂತು. ಮೀಥೇನ್ ಬಲವಾದ ಅನಿಲ, ಆದರೆ ಅಲ್ಪಾಯು. ನೂರು ವರ್ಷದ ಅಳತೆಗೋಲಿನಲ್ಲಿ ನೋಡಿದರೆ ಎರಡೂ ಹೆಚ್ಚುಕಡಿಮೆ ವಜಾ ಆಗುತ್ತವೆ. ಇಪ್ಪತ್ತು ವರ್ಷದ ಗೋಲಿನಲ್ಲಿ ಇದೇ ತುಂಡು ಭೂಮಿಯನ್ನು ಬಿಸಿ ಮಾಡುವ ಸಾಲಿಗೇ ಸೇರುತ್ತದೆ. ಒಣಗಲು ಬಿಟ್ಟಿದ್ದರೆ ಸಾವಿರಾರು ವರ್ಷದ ಗಂಟು ಕರಗುತ್ತ, ಆಗಾಗ ಉರಿಯುತ್ತ ಹೋಗುತ್ತಿತ್ತು. ಅದನ್ನು ತಡೆದದ್ದೇ ಲಾಭ. ಜವುಗು ಉಳಿಸಿದರೆ ನಾಳೆಯಿಂದ ಹವೆ ತಂಪು ಎಂದು ಮಾತ್ರ ಯಾರೂ ಹೇಳುವಂತಿಲ್ಲ. ಒಂದು ತುಂಡಿನ ಒಂದು ವರ್ಷದ ಲೆಕ್ಕ ಇದು ಎಂಬುದೂ ನೆನಪಿರಲಿ.

ಅಂಚು

ಸಹಜವಾದ ಜವುಗಿಗೆ ಸುತ್ತ ಒಂದು ತೊಟ್ಟಿಲಿರುತ್ತದೆ. ಉಬ್ಬಿನಿಂದ ಇಳಿದ ಹುಳಿ ನೀರೂ ಆಚೆಯ ಮಣ್ಣಿನ ನೀರೂ ಕೂಡುವ ಪಟ್ಟಿ, ಹಾರ್ಡ್‌ಹ್ಯಾಕ್ ಪೊದೆ, ಸೀಡರ್ ಮರ ಬೆಳೆಯುವ ಜಾಗ. ವಿಜ್ಞಾನಿಗಳು ಲ್ಯಾಗ್ ಎನ್ನುತ್ತಾರೆ. ಅಲ್ಲಿ ನೀರು ಎತ್ತರವಾಗಿ ನಿಂತಿದ್ದರೆ ಉಬ್ಬಿನ ನೀರಿಗೆ ಇಳಿಯುವ ಆತುರವಿರುವುದಿಲ್ಲ. ಬರ್ನ್ಸ್ ಬಾಗಿನ ಲ್ಯಾಗಿನಲ್ಲಿ ಬಹುಪಾಲು ಈಗ ಹೊಲ, ರಸ್ತೆ, ಗೋದಾಮು. ಅದರ ಜಾಗದಲ್ಲಿರುವುದು ಕಾಲುವೆ. ಕಾಲುವೆಯ ನೀರು ತಗ್ಗಿದಷ್ಟೂ ಉಬ್ಬು ಸೊರಗುತ್ತದೆ. ಏರಿಸಿದರೆ ರೈತನ ಬೇರು ಕೊಳೆಯುತ್ತದೆ, ರಸ್ತೆಯಡಿಯ ಪಾಯ ಮೆತ್ತಗಾಗುತ್ತದೆ. ಮೇಲಾಗಿ ಆ ನೀರಿನಲ್ಲಿ ಗೊಬ್ಬರ, ಸುಣ್ಣದಂಶ ಬೆರೆತಿರುತ್ತದೆ. ಬಡತನದಲ್ಲೇ ಬದುಕಲು ಕಲಿತ ಸ್ಫ್ಯಾಗ್ನಮ್‌ಗೆ ಪುಷ್ಟಿಯೇ ವಿಷ. ಬರಿದೆ ನೀರು ನಿಲ್ಲಿಸಿದರೆ ಸಾಲದು, ಮಳೆಯ ನೀರನ್ನೇ ನಿಲ್ಲಿಸಬೇಕು.

ಕೊಂಡ ಮೇಲೆ ಇನ್ನಷ್ಟು ತುಂಡುಗಳು ಜವುಗಿಗೆ ಸೇರಿವೆ. ಕೆಲವು ಕಡೆ ಅಂಚಿನ ನೆಲವನ್ನು ಕೈಗಾರಿಕೆಗೆ ಬಿಟ್ಟುಕೊಟ್ಟು ಬದಲಿಗೆ ಒಳಗಿನ ನೆಲ ಪಡೆದ ಚೌಕಾಸಿಯೂ ನಡೆದಿದೆ. ಎಕರೆ ಎಣಿಸುವವರಿಗೆ ಅದು ಲಾಭ. ಅಂಚೇ ಜವುಗಿನ ಕಟ್ಟೆ ಎಂದು ತಿಳಿದವರಿಗೆ ಅಷ್ಟು ಖುಷಿಯಾಗಲಿಕ್ಕಿಲ್ಲ; ನಾನು ಎರಡನೆಯವರ ಕಡೆ.

ಮಳೆಗಾಲದಲ್ಲಿ ಡೆಲ್ಟಾದ ತಗ್ಗಿನ ಹೊಲಗಳಿಂದ ಪಂಪುಗಳು ನೀರೆತ್ತಿ ನದಿಗೆ, ಸಮುದ್ರಕ್ಕೆ ಚೆಲ್ಲುತ್ತವೆ. ಅದೇ ಮಳೆ ಬೇಲಿಯ ಒಳಗೂ ಬೀಳುತ್ತದೆ. ಅಲ್ಲಿ ಪ್ಲೈವುಡ್ ಹಲಗೆಯೊಂದರ ಹಿಂದೆ ಡಿಕಾಕ್ಷನ್ ಬಣ್ಣದ ನೀರು ಬೆರಳಗಲ ಬೆರಳಗಲ ಏರಿ, ಹಲಗೆಯ ಕಚ್ಚಿನವರೆಗೆ ಬಂದು, ಮುಂದಿನ ಕಟ್ಟಕ್ಕೆ ತೆಳ್ಳಗೆ ಇಳಿಯುತ್ತದೆ.